ಹಿಂದಿನ ಸೀಟಿನ ಎತ್ತರ

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮರುವರ್ಷ ನಾನು ಹೆದ್ದಾರಿ ಪಕ್ಕದ ಒಂದು ಕಾರ್ ಷೋರೂಮಿನಲ್ಲಿ ಹಿರಿಯ ಸೇಲ್ಸ್ ಕನ್ಸಲ್ಟೆಂಟ್ ಆಗಿದ್ದೆ. ಮಧ್ಯಮ ಗಾತ್ರದ ಐಷಾರಾಮಿ ಸೆಡಾನ್‌ಗಳನ್ನು ಮಾರುವುದು ನನ್ನ ಕೆಲಸ. ಮಾತಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಆಗ ಇತ್ತು.

ಆವತಿ ಕಡೆಯ ನಂಜೇಗೌಡರು ತಾಯಿಯನ್ನು ಕರೆದುಕೊಂಡು ಬಂದರು. ಅಜ್ಜಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಬೆಂಗಳೂರಿನಲ್ಲಿ ಡಯಾಲಿಸಿಸ್, ಅಂದರೆ ಯಂತ್ರದ ಮೂಲಕ ರಕ್ತ ಶುದ್ಧಿ. ಮಂಡಿಯೂ ಹಿಡಿದಿದ್ದರಿಂದ ಬಸ್ಸು, ಆಟೋ ಅವರಿಂದ ಆಗುತ್ತಿರಲಿಲ್ಲ. ಕಾರು ಬೇಕಾಗಿದ್ದು ಅದಕ್ಕೇ.

ಗೌಡರು ಎರಡು ಕಾರುಗಳ ನಡುವೆ ತೂಗುತ್ತಿದ್ದರು. ಒಂದು ನೋಡಲು ಸಪ್ಪೆ, ಆದರೆ ಸೀಟು ಎತ್ತರ. ಇನ್ನೊಂದು ತಗ್ಗಿನದು, ನೋಡಿದರೆ ಕಣ್ಣು ಕೀಳಲಾಗದು. ನೆಲದಿಂದ ಸೀಟಿಗಿರುವ ಎತ್ತರಕ್ಕೆ ನಮ್ಮವರು ಹಿಪ್ ಪಾಯಿಂಟ್ ಅನ್ನುತ್ತಾರೆ. ಮಂಡಿ ಹಿಡಿದವರಿಗೆ ಅದೇ ಮುಖ್ಯ, ಸೀಟು ತಗ್ಗಾದರೆ ಏಳಲಾಗದು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

"ಅವ್ವಂಗೆ ಯಾವ್ದು ಅನುಕೂಲ, ನೀವೇ ಹೇಳ್ಬಿಡಿ ಸಾರ್," ಎಂದರು ಗೌಡರು.

ಸಪ್ಪೆ ಕಾರು ಬರಲು ಎರಡು ತಿಂಗಳು ಕಾಯಬೇಕಿತ್ತು. ತಗ್ಗಿನದು ಹಿತ್ತಲ ಯಾರ್ಡಿನಲ್ಲೇ ನಿಂತಿತ್ತು, ನನ್ನ ತಿಂಗಳ ಟಾರ್ಗೆಟ್‌ಗೆ ಇನ್ನೊಂದೇ ಕಾರು ಬಾಕಿ. ಆದರೂ ಅದರಲ್ಲಿ ಒಂದು ಸಲ ಕೂತು ನೋಡಿ ಎಂದು ಅಜ್ಜಿಯನ್ನು ಕರೆದೆ. ಅವರು ಸೋಫಾದಿಂದ ಏಳಲಿಲ್ಲ.

"ಪೂಜೆ ಆಗ್ದೆ ಇರೋ ಗಾಡಿಗೆ ನಾನು ಹತ್ತಲ್ಲ ಕಣಪ್ಪ. ಘಾಟಿ ದೇವಸ್ಥಾನಕ್ಕೆ ಹೋಗಿ ಬರ್ಲಿ, ಆಮೇಲೆ ಕೂತ್ಕೋತೀನಿ."

ಇನ್ನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಒಳಗೊಳಗೇ ಖುಷಿಯಾಯಿತು. "ಇದೇ ತಗೊಳ್ಳಿ ಗೌಡ್ರೇ, ಅಮ್ಮನವರಿಗೆ ತೊಟ್ಟಿಲಲ್ಲಿ ಕೂತಂಗಿರತ್ತೆ," ಎಂದು ತಗ್ಗಿನದನ್ನು ತೋರಿಸಿದೆ.

ಮೊದಲ ಸರ್ವೀಸಿಗೆ ಬಂದಾಗ ಹಿಂದಿನ ಬಾಗಿಲು ತೆರೆದು ನೋಡಿದೆ. ಮೇಲಿನ ಹಿಡಿಗೆ ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಹೊಸೆದು ಕಟ್ಟಿದ್ದರು. "ಅವ್ವ ಇದನ್ನ ಹಿಡ್ಕೊಂಡು ಏಳ್ತಾಳೆ," ಎಂದು ಗೌಡರು ನಕ್ಕರು. ನನಗೆ ನಗು ಬರಲಿಲ್ಲ. ಕಾರು ಬದಲಾಯಿಸಿಕೊಡುತ್ತೇನೆ ಎನ್ನುವ ಮಾತು ಗಂಟಲವರೆಗೆ ಬಂತು. ಮೇಲಿನವರಿಗೆ ಉತ್ತರ ಕೊಡಬೇಕಾದೀತೆಂದು ನುಂಗಿಕೊಂಡೆ.

ಮುಂದಿನ ಸರ್ವೀಸಿನಲ್ಲೂ ಆ ಸೀರೆಯ ತುಂಡು ಅಲ್ಲೇ ಇತ್ತು. ಅಜ್ಜಿ ಹೇಗಿದ್ದಾರೆ ಎಂದು ಕೇಳಿದೆ.

"ಹೋಗ್ಬಿಟ್ಲು ಸಾರ್. ಆಮೇಲಾಮೇಲೆ ಸೀರೆ ಹಿಡ್ಕೊಂಡ್ರೂ ಏಳಕ್ಕಾಗ್ದೆ, ಇಳಿಸೋಕೆ ಇಬ್ರು ಎತ್ಬೇಕಿತ್ತು. ಆಸ್ಪತ್ರೆ ಬಾಗ್ಲಲ್ಲಿ ಎಲ್ರೂ ನೋಡ್ತಾರೆ, ನಾಚ್ಕೆ ಆಗ್ತದೆ ಅನ್ನೋಳು. ಬೇರೆ ಗಾಡಿ ಮಾಡ್ತೀನಿ ಅಂದ್ರೆ, ನನಗೋಸ್ಕರ ತಂದಿರೋ ಕಾರು ಮನೇಲಿರುವಾಗ ಯಾಕೆ ಅಂತ ಒಪ್ಲಿಲ್ಲ. ಕೊನೇಗೆ ಆಸ್ಪತ್ರೆಗೆ ಹೋಗೋದೇ ಬಿಟ್ಲು." ಹಿಂದಿನ ಬಾಗಿಲು ಮುಚ್ಚುತ್ತಾ, "ನಿಮ್ದೇನು ತಪ್ಪಿಲ್ಲ ಬಿಡಿ. ಕಾರು ಚೆನ್ನಾಗೇ ಐತೆ," ಎಂದರು.

ತಪ್ಪು ನನ್ನದೇ ಎಂದು ಹೇಳುವ ಧೈರ್ಯ ಅಂದೂ ಬರಲಿಲ್ಲ.

ಆಮೇಲೆ ನಿವೃತ್ತಿಯಾಗುವವರೆಗೂ, ಹಿರಿಯರಿಗೆಂದು ಕಾರು ಕೇಳಿ ಬಂದವರಿಗೆಲ್ಲ ಒಂದು ಮಾತು ಹೇಳಿದೆ: ಮನೆಯಲ್ಲಿ ಅವರು ಸಲೀಸಾಗಿ ಕೂತು ಏಳುವ ಕುರ್ಚಿಯ ಎತ್ತರ ಅಳೆದು ತನ್ನಿ. ಪೂಜೆಯಾಗದ ಕಾರಿಗೆ ಹತ್ತದವರ ಪರವಾಗಿ ಟೇಪು ಹಿಡಿದು ನಾನೇ ಸೀಟು ಅಳೆದೆ. ಕೊಳ್ಳುವವರ ಕಣ್ಣಿಗಿಂತ ಹಿಂದೆ ಕೂರುವವರ ಮಂಡಿ ಮುಖ್ಯ ಎಂದು ಈ ಕೆಲಸ ಕಲಿಸಿತು. ಅಜ್ಜಿಯ ಪಾಲಿಗೆ ತಡವಾಗಿತ್ತು. ಇವತ್ತಿಗೂ ಯಾರದೇ ಕಾರಿನ ಹಿಂದಿನ ಸೀಟಿನಿಂದ ಏಳುವಾಗ ಕೈ ಮೇಲಿನ ಹಿಡಿಗೆ ಹೋಗುತ್ತದೆ, ಸೀರೆಯ ಗಂಟು ತಾಗಿದಂತಾಗಿ ಹಿಂದಕ್ಕೆ ಬರುತ್ತದೆ.