ಜಗಲಿಗೆ ಬಂದ ಮೃದಂಗ

ಬಳ್ಳಾರಿಯ ಸಂಗೀತ ಕಚೇರಿಗಳಲ್ಲಿ ಮೃದಂಗ ನುಡಿಸಿದವನು ನಾನು. ಸಾಹೇಬರಿಗೆ ಉತ್ತರ ಕೊಟ್ಟು ಗೊತ್ತಿರಲಿಲ್ಲ.

ಸಿರುಗುಪ್ಪದ ಸಾಲೆಯಲ್ಲಿ ಒಂದು ಕೋಣೆ ಬೇಡಿ ಪಡೆದು ಮೃದಂಗದ ಪಾಠ ಶುರುಮಾಡಿದ್ದೆ. ಅದನ್ನು ನಡೆಸಬೇಕೋ ಮುಚ್ಚಬೇಕೋ ಎಂದು ನೋಡಲು ಸಾಲೆ ತನಿಖೆಯ ಸಾಹೇಬರು ಬಂದರು. ಶಿಷ್ಯರು ಬೆರಳೆಣಿಸಿ ತಾಳ ಹಾಕುತ್ತ "ತಕಧಿಮಿ" ಎನ್ನುತ್ತಿದ್ದರು. ಇದ್ದದ್ದು ಒಂದೇ ಮೃದಂಗ, ಅದೂ ನನ್ನ ಮುಂದೆ.

"ಯಾಕ್ರೀ, ಇವ್ರು ಯಾರೂ ಬಾರ್ಸೋದಿಲ್ಲೇನು?"

"ಮೊದಲ್ನೇ ವರ್ಷ ಬಾಯಾಗ ಪಾಠ ರೀ. ಆಮ್ಯಾಲೆ ಕೈಗೆ."

"ಮತ್ತ ಈ ಬೆರಳು ಎಣಿಸೋದು?"

"ಎಣಿಕಿ ತಪ್ಪಿದ್ರ ತಾಳ ತಪ್ತೈತ್ರಿ."

ಸಾಹೇಬರು ಶಿಷ್ಯರ ಕಡೆ ತಿರುಗಿದರು. "ಏಳರ ತಾಳ ನಾಕು ಸಲ ಹಾಕಿದ್ರ ಎಷ್ಟಾತಲೇ?"

"ಇಪ್ಪತ್ತೆಂಟ್ರೀ!" ಎಲ್ಲರೂ ಒಟ್ಟಿಗೆ ಕೂಗಿದರು.

"ಒಂಬತ್ತರದು ಆರು ಸಲ?"

"ಐವತ್ನಾಕ್ರೀ!"

"ಶಾಬಾಸ್!" ಎಂದು ಎದ್ದು ಹೋದರು. ಮೃದಂಗದ ಮಾತೇ ಎತ್ತಲಿಲ್ಲ. ಕೋಣೆ ಉಳಿಯಿತೋ ಹೋಯಿತೋ ನನಗೆ ತಿಳಿಯಲಿಲ್ಲ.

ವಾರ ಕಳೆದು ಹುಕುಂ ಬಂತು. ಗಣಿತದ ಪಾಠ ಬಹಳ ಚೆನ್ನಾಗಿದೆ, ಕೋಣೆ ಅದಕ್ಕೇ ಇರಲಿ. ಗಣಿತಕ್ಕೆ ಮೃದಂಗ ಬೇಕಿಲ್ಲ, ಹೊರಗಿಡತಕ್ಕದ್ದು.

ಎರಡು ಸಲ ಓದಿದೆ. ಹೋಗಿ ತಿಳಿಸಿ ಹೇಳಿದರೆ ಕೋಣೆ ಹೋಗುತ್ತದೆ. ಮೃದಂಗ ಎತ್ತಿಕೊಂಡು ಜಗಲಿಗೆ ಬಂದೆ.

ಈಗ ಶಿಷ್ಯರು ಒಳಗೆ ತಾಳ ಹಾಕುತ್ತಾರೆ, ನಾನು ಜಗಲಿಯ ಮೇಲೆ ಕೂತು ನುಡಿಸುತ್ತೇನೆ. ಗಣಿತದ ಮಾಸ್ತರು ಹೊರಗ್ಯಾಕೆ ಎಂದು ಯಾರಾದರೂ ಕೇಳಿದರೆ, ಒಳಗೆ ಸೆಖೆ ಎನ್ನುತ್ತೇನೆ. ಈ ಊರಿನಲ್ಲಿ ಅದನ್ನು ಯಾರೂ ಅನುಮಾನಿಸುವುದಿಲ್ಲ.