ನಗಾರಿ ಕಾಸುವ ಮಾನಮ್ಮ

ಇನ್ನೂ ಬೆಳಕು ಹರಿದಿಲ್ಲ. ಕಲಬುರಗಿಯ ಇಮಲಿ ದರ್ವಾಜದ ಮೆಟ್ಟಿಲುಗಳ ಮೇಲೆ ಒಂದು ಕೆಂಪು ಬೆಳಕು ಮೆಲ್ಲಗೆ ಏರುತ್ತಿದೆ. ಅದರ ಹಿಂದೆ ಮುಖವಿಲ್ಲ, ಮೈಯಿಲ್ಲ. ಗಂಜ್ ಪೇಟೆಗೆ ತೊಗರಿ ತಂದ ಗಾಡಿಯವನು ಹೊಸಬನಾದರೆ ಅವನ ಎದೆ ಧಸಕ್ಕೆನ್ನುವುದು ಖರೆ. ಹೆದರಬೇಡಿ, ಆಕೆ ಮಾನಮ್ಮ. ಕೈಯಲ್ಲಿರುವುದು ಕೆಂಡದ ಮಡಕೆ.

"ಯಾಕೋ ತಮ್ಮಾ, ಎತ್ತಿಗಿ ನೀರ ಕುಡಿಸಿದಿಲ್ಲೋ?" ಎಂದು ಆಕೆ ಮೇಲಿನಿಂದಲೇ ಕೂಗುತ್ತಾಳೆ. ಗಾಡಿಯವನಿಗೆ ಹೋದ ಜೀವ ಬರುತ್ತದೆ. ಆದರೆ ಓಣಿಯ ಹಳಬರು ಈಗಲೂ ಆ ದನಿಗೆ ಬೆಚ್ಚುತ್ತಾರೆ. ಯಾಕೆಂದರೆ ಮೊನ್ನೆ ಮೊನ್ನೆಯವರೆಗೆ ಸೂರ್ಯ ಹುಟ್ಟುವ ಮೊದಲು ಮಾನಮ್ಮನ ದನಿ ಕೇಳಿದವರು ಈ ಊರಲ್ಲಿ ಒಬ್ಬರೂ ಇರಲಿಲ್ಲ.

ದರ್ವಾಜದ ಮೇಲಿನ ಕೋಣೆಯಲ್ಲಿ ಎರಡು ದೊಡ್ಡ ನಗಾರಿಗಳಿವೆ. ಇರುಳ ತಂಪಿಗೆ ಅವುಗಳ ತೊಗಲು ಸಡಿಲಾಗಿ ಜೋತು ಬಿದ್ದಿರುತ್ತದೆ. ಮಾನಮ್ಮ ಮಡಕೆಯನ್ನು ತೊಗಲಿನ ಹತ್ತಿರ ಹಿಡಿದು ಅಂಚಿನಿಂದ ನಡುವಿಗೆ ಸುತ್ತಿಸುತ್ತಾಳೆ. ಹೆಚ್ಚು ಹತ್ತಿರ ಹಿಡಿದರೆ ತೊಗಲು ಸುಟ್ಟೀತು, ದೂರ ಹಿಡಿದರೆ ಬಿಸಿ ತಾಕದು. ನಡುನಡುವೆ ಅಂಗೈ ಹಿಂಬದಿ ಇಟ್ಟು ನೋಡುತ್ತಾಳೆ, ಉಗುರಿನಿಂದ ಮೀಟುತ್ತಾಳೆ. ದನಿ ಬಿಗಿಯಾದಾಗ "ಎದ್ದಾವ ನೋಡ್ರಿ" ಎನ್ನುತ್ತಾಳೆ. ಆಮೇಲೆ ನಗಾರಿ ಬಾರಿಸುವ ಶಬ್ಬೀರ್ ಬಂದು ಕೋಲು ಹಿಡಿಯುತ್ತಾನೆ.

ಇಮಲಿ ದರ್ವಾಜದ ಈ ನೌಬತ್ತು, ಎಂದರೆ ಬೆಳಗಿನ ನಗಾರಿ ಸನಾದಿಯ ಮೇಳ, ನಿಜಾಮ ಸರ್ಕಾರದ ಆಸರೆಯಲ್ಲಿ ನಡೆಯುತ್ತದೆ. ನಗಾರಿ ಬಾರಿಸುವವನಿಗೂ ಸನಾದಿ ಊದುವವನಿಗೂ ಸರ್ಕಾರದಿಂದ ಜೋಳ, ಎಣ್ಣೆ, ಹಬ್ಬಕ್ಕೆ ಬಟ್ಟೆ ಬರುತ್ತದೆ. ಬೆಳಗಿನ ಸಂಗೀತ ಇಲ್ಲದ ಊರು ಊರೇ ಅಲ್ಲ ಎಂದು ಹಿಂದಿನವರು ತಿಳಿದಿದ್ದರು, ದೊಡ್ಡ ಮಾತು. ಆದರೆ ಸರ್ಕಾರದ ಕಣ್ಣಿಗೆ ಕಲಾವಿದರೆಂದರೆ ಇಬ್ಬರೇ. ತೊಗಲು ಕಾಸುವ ಕೈಯೊಂದು ಇದೆ ಎಂದು ಹೈದರಾಬಾದಿಗೆ ಯಾರೂ ಹೇಳಿಲ್ಲ, ಮಾನಮ್ಮನೂ ಹೇಳಿಲ್ಲ.

ಆಕೆಯ ಗಂಡ ಖಂಡೆಪ್ಪ ಕಮಲಾಪುರದವನು, ಈ ದರ್ವಾಜದ ಸನಾದಿಯವನು. ಸನಾದಿಯ ಬಾಯಿಗೆ ಸಿಕ್ಕಿಸುವ ಜೊಂಡಿನ ಪುಟ್ಟ ಗರಿ ಒದ್ದೆಯಾಗಿರದಿದ್ದರೆ ಸ್ವರ ಹೊರಡದು. ಖಂಡೆಪ್ಪನಿಗೋ ನಿದ್ದೆಯಿಂದ ಎದ್ದಾಗ ಬಾಯಿ ಬರೀ ಒಣ. ಹಾಗಾಗಿ ಮದುವೆಯಾದ ಹೊಸತರಲ್ಲೇ ಗರಿ ನೆನೆಸುವ ಕೆಲಸ ಮಾನಮ್ಮನದಾಯಿತು. ಮನೆಯಲ್ಲಿ ಗರಿಯನ್ನು ಬಾಯಲ್ಲಿಟ್ಟುಕೊಂಡರೆ ಮೆಟ್ಟಿಲು ಹತ್ತಿ ಗಂಡನ ಕೈಗೆ ಕೊಡುವವರೆಗೆ ತುಟಿ ಬಿಚ್ಚುವಂತಿಲ್ಲ. ದಾರಿಯಲ್ಲಿ ಯಾರು ಮಾತಾಡಿಸಿದರೂ ತಲೆ ಅಲ್ಲಾಡಿಸುವುದಷ್ಟೇ. ಹೊಸ ಸೊಸೆ ಮೂಗಿ ಇರಬೇಕೆಂದು ಓಣಿಯ ಹೆಂಗಸರು ಮರುಗಿದ್ದೂ ಉಂಟು.

"ಮೂಗಿ ಅಂದ್ರ ಅನ್ಲಿ ಬಿಡ್ರಿ. ನಮ್ಮವ್ರ ಮೊದಲ ಸ್ವರ ನನ್ನ ಬಾಯಾಗಿಂದ ಹೋಗ್ತಿತ್ತು" ಎಂದು ಮಾನಮ್ಮ ಈಗ ನಗುತ್ತಾಳೆ. ಗಂಡನ ಹೆಸರನ್ನು ಆಕೆ ಇಂದಿಗೂ ಹೇಳುವುದಿಲ್ಲ.

ಹೋದ ವರ್ಷದ ಪ್ಲೇಗು ಖಂಡೆಪ್ಪನನ್ನು ಒಯ್ದಿತು. ಊದುವ ಮನೆತನಗಳಲ್ಲಿ ಒಂದು ಕಟ್ಟಳೆ ಇದೆ. ಸತ್ತವನ ಗರಿಯನ್ನು ಅವನು ಕೂರುತ್ತಿದ್ದ ಚಾಪೆಯ ಮೇಲಿಡಬೇಕು. ಅದು ತಾನಾಗಿ ಒಣಗಿ ಸೀಳುವವರೆಗೆ ಇನ್ನೊಬ್ಬ ಅಲ್ಲಿ ಕೂರುವಂತಿಲ್ಲ. ಕೈಯಿಂದ ಮುರಿದರೆ ಮನೆತನದ ಉಸಿರೇ ನಿಲ್ಲುತ್ತದೆಂಬ ಭಯ. ಗರಿ ಎಷ್ಟು ದಿನ ತಾಳೀತು? ಬಿಸಿಲು ಚುರುಕಾದರೆ ಸೀಳಿತು, ಮುಂದಿನವನು ಬಂದು ಕೂತ. ಹೀಗೇ ನಡೆದುಬಂದಿದೆ.

ಖಂಡೆಪ್ಪನ ಗರಿ ಸೀಳಲಿಲ್ಲ. ಸೀಳುವುದಾದರೂ ಹೇಗೆ? ಮಾನಮ್ಮ ಅದನ್ನು ದಿನವೂ ಮನೆಗೆ ಒಯ್ಯುತ್ತಿದ್ದಳು, ನಸುಕಿನಲ್ಲಿ ಬಾಯಲ್ಲಿಟ್ಟು ನೆನೆಸಿ ತಂದು ಚಾಪೆಯ ಮೇಲಿಡುತ್ತಿದ್ದಳು. ಅದೇ ಮೌನ, ಅದೇ ದಾರಿ. ಶಬ್ಬೀರ್ ನಗಾರಿ ಬಾರಿಸುತ್ತ, ಹಳೆಯ ರೂಢಿಯಂತೆ, ಸನಾದಿ ಊದಬೇಕಾದ ಕಡೆ ಕೈ ನಿಲ್ಲಿಸುತ್ತಿದ್ದ. ಆ ಖಾಲಿ ಜಾಗದಲ್ಲಿ, ನಂಬುತ್ತೀರೋ ಬಿಡುತ್ತೀರೋ, ಓಣಿಯವರಿಗೆ ಸನಾದಿ ಕೇಳುತ್ತಿತ್ತು.

"ನಾ ಬಾಜೂಕ ಕೂತಿದ್ದೆ. ನನಗೇನೂ ಕೇಳತಿರಲಿಲ್ಲ. ಆದ್ರ ಗರಿ ನಡಗೋದು ಕಣ್ಣಾರೆ ನೋಡೀನಿ. ಆ ಕಡಿ ನೋಡೋದಽ ಬಿಟ್ಟೆ" ಎನ್ನುತ್ತಾನೆ ಶಬ್ಬೀರ್. ಗಟ್ಟಿ ಮನುಷ್ಯ, ಹೇಳುವಾಗ ಕೈ ಕೈ ಹಿಸುಕಿಕೊಳ್ಳುತ್ತಾನೆ.

ಸನಾದಿಯವನು ಇಲ್ಲದ ಸುದ್ದಿ ಹೈದರಾಬಾದಿಗೆ ಮುಟ್ಟದೆ ಇರುತ್ತದೆಯೇ? ನೌಬತ್ತು ನೋಡಿಕೊಳ್ಳುವ ಸಾಹೇಬರೊಬ್ಬರು ಹೇಳದೆ ಕೇಳದೆ ಒಂದು ಬೆಳಗ್ಗೆ ಟಾಂಗಾದಲ್ಲಿ ಬಂದು ದರ್ವಾಜದ ಕೆಳಗೆ ನಿಂತರು. ಮೇಲೆ ನಗಾರಿ ಮೊಳಗಿತು, ನಿಂತಿತು. ಸಾಹೇಬರು ಕಣ್ಣು ಮುಚ್ಚಿ "ವಾಹ್" ಎಂದರು. ಊದಿದವನ ಬೆನ್ನು ತಟ್ಟೋಣವೆಂದು ಸಂತೋಷದಿಂದಲೇ ಮೆಟ್ಟಿಲು ಹತ್ತಿದರು. ಮೇಲೆ ಕಂಡದ್ದು ಶಬ್ಬೀರ್, ಕೆಂಡದ ಮಡಕೆ, ಒಬ್ಬಳು ಹೆಂಗಸು, ಖಾಲಿ ಚಾಪೆ.

ಊದಿದವನು ಎಲ್ಲಿ ಎಂದು ಕೇಳಿದರು. ಸಾಹೇಬರ ಕಣ್ಣು ಚಾಪೆಯ ಮೇಲಿನ ಒದ್ದೆ ಗರಿಯ ಮೇಲೆ ಬಿತ್ತು. ಹಣೆಯ ಬೆವರು ಒರೆಸಿಕೊಂಡರು. ಸರ್ಕಾರದ ಆಸರೆ ಬದುಕಿರುವ ಮನುಷ್ಯನಿಗೆ, ಬರುವ ಶುಕ್ರವಾರದೊಳಗೆ ಆ ಚಾಪೆಯ ಮೇಲೆ ಒಬ್ಬ ಜೀವಂತ ಸನಾದಿಯವನು ಕೂರದಿದ್ದರೆ ಕೋಣೆಗೆ ಬೀಗ ಎಂದರು. ಇಳಿಯುವಾಗ ಒಮ್ಮೆಯೂ ತಿರುಗಿ ನೋಡಲಿಲ್ಲ.

ಕೂರುವವನಿದ್ದ. ಖಂಡೆಪ್ಪನ ಅಕ್ಕನ ಮಗ ಸೂಗಪ್ಪ, ಮಾವನ ಕೈಯಲ್ಲೇ ಪಳಗಿದವನು, ಕಮಲಾಪುರದಲ್ಲಿ ಕಾಯುತ್ತಿದ್ದ. ಗರಿ ಸೀಳಿದರೆ ಅವನು ಕೂರುತ್ತಾನೆ, ನೌಬತ್ತು ಉಳಿಯುತ್ತದೆ, ಶಬ್ಬೀರನ ಮನೆಯ ಒಲೆಯೂ ಉರಿಯುತ್ತದೆ. ಆದರೆ ಮಾನಮ್ಮನಿಗೆ ಕಂಡದ್ದು ಬೇರೆ. "ಗರಿ ಸೀಳಿದ್ರ ಅವರು ಬರಾದು ಬಂದ್. ಬಾಗಲಾ ಹಾಕಿದ್ರೂ ಬಂದ್. ನಾ ಎತ್ತ ಹೋಗಬೇಕ್ರಿ?" ಎಂದು ಆಕೆ ಇಂದಿಗೂ ಕೇಳುತ್ತಾಳೆ.

ಗಂಜ್ ಪೇಟೆಗೆ ಕೆಂಪು ಬಾಳೆಹಣ್ಣು ತಂದ ಗಾಡಿಯೊಂದು ಖಾಲಿಯಾಗಿ ಕಮಲಾಪುರಕ್ಕೆ ಮರಳುತ್ತಿತ್ತು. ಸೂಗಪ್ಪನ ತಾಯಿ, ಗಂಡನ ಅಕ್ಕ ಚಂದಮ್ಮನ ಮಾತು ಕೇಳಿ ನೋಡೋಣವೆಂದು ಮಾನಮ್ಮ ಹತ್ತಿ ಕೂತಳು. ಚಂದಮ್ಮ ಬಾಗಿಲಲ್ಲೇ ನಿಂತಿದ್ದಳು. ಕುಶಲ ಕೇಳಲಿಲ್ಲ, ಕಾಲಿಗೆ ನೀರೂ ಕೊಡಲಿಲ್ಲ.

"ನೀ ಬರ್ತೀ ಅಂತ ಗೊತ್ತಿತ್ತು ಮಾನಾ. ನಸುಕಿನ್ಯಾಗ ನಮ್ಮ ತಮ್ಮ ದಿನಾ ಹೊಸ್ತಿಲ ಆಚಿಗಿ ಬಂದು ನಿಂದರ್ತಾನ. ಒಳಗ ಬಾ ಅಂದ್ರ ಬರಲ್ಲ. ಬಾಯಿ ಒಣಗ್ಯಾದ, ನೀರ ಕೊಡಕ್ಕಾ ಅಂತಾನ. ಚರಿಗಿ ತರೋದ್ರಾಗ ಹೊತ್ತಾತು, ಆಕಿ ಕರದಾಳ ಅಂತ ಹೋಗೇ ಬಿಡ್ತಾನ."

"ಯಾರ ಕರದಾರಕ್ಕಾ?"

ಚಂದಮ್ಮ ತಮ್ಮನ ಹೆಂಡತಿಯ ಮುಖವನ್ನೇ ನೋಡಿದಳು. "ಗರಿ ಯಾರ ನೆನಸ್ತಾರ?"

ಇಷ್ಟು ದಿನ ಮಾನಮ್ಮ ತಾನು ಗಂಡನನ್ನು ಉಳಿಸಿಕೊಂಡೆ ಎಂದುಕೊಂಡಿದ್ದಳು. "ಬದುಕಿದ್ದಾಗ ಒಂದಿನಾ ಸೂಟಿ ತಗೊಳ್ಳಲಿಲ್ರಿ ನಮ್ಮವ್ರು. ಸತ್ತಮ್ಯಾಲೂ ನಾನಽ ನೌಕರಿ ಮಾಡಸಾಕತ್ತಿದ್ದೆ. ನೀರಡಿಸಿದವರನ್ನ ನಿಂದರಸಾಕತ್ತಿದ್ದೆ" ಎನ್ನುತ್ತಾಳೆ. ಸೂಗಪ್ಪನನ್ನು ಕರೆದುಕೊಂಡು ಅದೇ ದಿನ ಹಿಂದಿರುಗಿದಳು. ಹೊರಡುವಾಗ ಚಂದಮ್ಮನಿಗೆ ಒಂದೇ ಮಾತು ಹೇಳಿದಳು, ಹೊಸ್ತಿಲಾಚೆ ತುಂಬಿದ ಚರಿಗೆ ಇಟ್ಟಿರು ಎಂದು.

ಶುಕ್ರವಾರದ ನಸುಕಿನಲ್ಲಿ ಮಾನಮ್ಮ ಗರಿಯನ್ನು ಬಾಯಲ್ಲಿಟ್ಟುಕೊಳ್ಳಲಿಲ್ಲ, ಸೆರಗಿಗೆ ಕಟ್ಟಿಕೊಂಡಳು. ಒಣಗಿದ ಗರಿಯನ್ನು ಚಾಪೆಯ ಮೇಲಿಟ್ಟು ನಗಾರಿ ಕಾಸಿದಳು. ಸೂಗಪ್ಪ ಮೂಲೆಯಲ್ಲಿ ಸನಾದಿ ಹಿಡಿದು ನಿಂತಿದ್ದ, ಮೈಯೆಲ್ಲ ಬೆವರು. ಶಬ್ಬೀರ್ ಬಾರಿಸಿದ, ಕೈ ನಿಲ್ಲಿಸಿದ. ಗರಿ ಅಲುಗಿತು. ಒಣಗಿದ್ದ ಗರಿ ಎಲ್ಲರ ಕಣ್ಣೆದುರೇ ನಿಧಾನವಾಗಿ ಒದ್ದೆಯಾಗತೊಡಗಿತು. ಖಂಡೆಪ್ಪನ ಒಣಗಿದ ಬಾಯಿಗೆ ಆ ತೇವ ಎಲ್ಲಿಂದ ಬಂದಿತೋ!

ಆ ಹೊತ್ತಿನಲ್ಲಿ ಎಂದೂ ಬಾಯಿ ಬಿಚ್ಚದ ಮಾನಮ್ಮ ಚಾಪೆಯ ಮುಂದೆ ಕೂತು ಬಾಯಿ ಬಿಚ್ಚಿದಳು. "ಸಾಕ್ರೀ. ಭಾಳ ಊದಿದ್ರಿ. ಊರಿಗಿ ಹೋಗ್ರಿ, ಅಕ್ಕ ಬಾಗಲಾಗ ನೀರ ಇಟ್ಟಾಳ. ನಾ ಕರಿಯಲ್ಲ."

ಚಿಟ್ಟೆಂದು ಸಣ್ಣ ಸಪ್ಪಳವಾಯಿತು. ಗರಿ ನಡುವೆ ಸೀಳಿ ಎರಡಾಗಿತ್ತು. ಶಬ್ಬೀರನ ಕೋಲು ಕೈಯಿಂದ ಜಾರಿ ಬಿತ್ತು. ಮಾನಮ್ಮ ಮಾತ್ರ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು, ಪ್ಲೇಗಿನ ದಿನ ಅಳದಿದ್ದುದನ್ನೆಲ್ಲ ಅಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಸೂಗಪ್ಪನಿಗೆ ಚಾಪೆ ತೋರಿಸಿದಳು. ಅವನ ಬಾಯಿ ಹೆದರಿಕೆಗೆ ಒಣಗಿತ್ತು, ತನ್ನ ಹೊಸ ಗರಿಯನ್ನು ಆಕೆಯತ್ತ ಚಾಚಿದ. "ಅತ್ತಿ, ನೀ ಒಂದೀಟು..."

"ನಿನ್ನ ಗರಿ ನೀನೇ ನೆನಸ್ಕೊ" ಎಂದಳು ಮಾನಮ್ಮ.

ಆ ಬೆಳಗ್ಗೆ ಕಮಲಾಪುರದಲ್ಲಿ ಚಂದಮ್ಮ ಬಾಗಿಲು ತೆರೆದಾಗ ಚರಿಗೆ ಬರಿದಾಗಿತ್ತಂತೆ. ನೆಲದಲ್ಲಿ ಒಂದು ಹನಿ ಚೆಲ್ಲಿರಲಿಲ್ಲ. ಅಂದಿನಿಂದ ಹೊಸ್ತಿಲಾಚೆ ಯಾರೂ ಬಂದು ನಿಂತಿಲ್ಲ.

ಇಮಲಿ ದರ್ವಾಜದ ಕೋಣೆಗೆ ಬೀಗ ಬೀಳಲಿಲ್ಲ. ಸರ್ಕಾರದ ಜೋಳ ಸೂಗಪ್ಪನ ಹೆಸರಿಗೆ ಬರುತ್ತಿದೆ, ಅದರಲ್ಲೇ ಅತ್ತೆಯ ಪಾಲೂ ಬೇಯುತ್ತದೆ. ಅವನ ಊದುವಿಕೆ ಇನ್ನೂ ಹಸಿ, ಆದರೆ ಜೀವಂತ ಮನುಷ್ಯನದು. ಮಾನಮ್ಮ ಈಗ ದಾರಿಯುದ್ದಕ್ಕೂ ಮಾತಾಡುತ್ತಾಳೆ, ಎತ್ತನ್ನು ಕೇಳುತ್ತಾಳೆ, ಗುಡಿಸುವವಳನ್ನು ಛೇಡಿಸುತ್ತಾಳೆ. ಬಾಯಿ ಮುಚ್ಚಲು ಹೆದರುತ್ತಾಳೇನೋ ಅನ್ನಿಸುತ್ತದೆ. ಕೇಳಿದರೆ ಆಕೆ ಅಲ್ಲವೆನ್ನುವುದಿಲ್ಲ.

ನೌಬತ್ತು ಮುಗಿದು ಬಿಸಿಲು ಕೋಣೆಗೆ ಬಂದಿದೆ. ಮಡಕೆಯ ತಳದಲ್ಲಿ ಕೆಂಡ ಇನ್ನೂ ಕೆಂಪಗಿದೆ. ಸರ್ಕಾರಕ್ಕೆ ನಿನ್ನ ವಿಷಯ ಬರೆಯೋಣವೇ, ಏನಾದರೂ ಬೇಕೇ ಎಂದು ಕೇಳಿದರೆ ಮಾನಮ್ಮ ಶಬ್ಬೀರನ ಕಡೆ, ಸೂಗಪ್ಪನ ಕಡೆ ನೋಡುತ್ತಾಳೆ. ಆಮೇಲೆ ಮಡಕೆಗೆ ಚರಿಗೆಯಿಂದ ನೀರು ಸುರಿಯುತ್ತಾಳೆ. ಹೊಗೆ ಏಳುತ್ತದೆ.

"ಸರ್ಕಾರ ಬ್ಯಾಡ್ರಿ, ಇವರಿಬ್ಬರೂ ನೆನಪಿಟ್ರ ಸಾಕು. ನಾ ಸತ್ತ ದಿನ ಈ ಗಡಿಗ್ಯಾಗ ಹಿಂಗಽ ನೀರ ಹಾಕ್ರಿ. ಬೆಚ್ಚಗ ಇಟ್ರಿ ಅಂದ್ರ ನಾನೂ ಬಂದೇನು."