ಭರತದ ನೀರಿನಲ್ಲಿ ಒಂದೇ ಸಾಲು

ನಾನು ಚಿಕ್ಕವಳಿದ್ದಾಗ ಅಘನಾಶಿನಿ ಊರಿನಲ್ಲಿ ಯೆಹೂದಿಗಳ ಮನೆ ಅಂತ ಇದ್ದದ್ದು ನಮ್ಮದೊಂದೇ. ಅಪ್ಪ ಹೊಳೆಯಂಚಿನ ಉಪ್ಪಿನ ಆಗರದಲ್ಲಿ ಗುಮಾಸ್ತರು. ಕೆಲಸಕ್ಕಾಗಿ ಅಲಿಬಾಗ್ ಕಡೆಯಿಂದ ಬಂದವರು. ಮನೆಮಾತು ಮರಾಠಿಯಾದರೂ ಊರಿನ ಕನ್ನಡ ನಮ್ಮ ನಾಲಿಗೆಗೆ ಯಾವತ್ತೋ ಅಂಟಿಕೊಂಡಿತ್ತು. ನಮ್ಮವರ ಪ್ರಾರ್ಥನಾ ಮಂದಿರ ನೋಡಬೇಕೆಂದರೆ ಮುಂಬೈಗೇ ಹೋಗಬೇಕು. ಮನೆಯಲ್ಲಿದ್ದ ಪ್ರಾರ್ಥನೆಯ ಪುಸ್ತಕವನ್ನು ಓದಲು ಬರುತ್ತಿದ್ದದ್ದು ಅಪ್ಪನಿಗೆ ಮಾತ್ರ. ಅಕ್ಕನಿಗೂ ನನಗೂ ಬಾಯಿಗೆ ಬರುತ್ತಿದ್ದದ್ದು ಒಂದೇ ಸಾಲು, ಶೆಮಾ. ದೇವರು ಒಬ್ಬನೇ ಎನ್ನುವ ಸಾಲು ಅದು. ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಹೇಳಬೇಕು.

ನನಗೆ ಎಂಟು ತುಂಬುವ ಮೊದಲು ಆಯಿ, ಅಂದರೆ ನಮ್ಮ ತಾಯಿ, ಜ್ವರ ಬಂದು ತೀರಿಕೊಂಡಳು. ಅವಳು ಗುಣವಾದರೆ ಮಲಿದಾ ಮಾಡಿ ಹಂಚುತ್ತೇನೆ ಎಂದು ಅಪ್ಪ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹರಕೆ ಹೊತ್ತಿದ್ದರು. ಅವಲಕ್ಕಿಗೆ ಸಿಹಿ, ಕಾಯಿತುರಿ, ಏಲಕ್ಕಿ ಕಲಸಿ ಹಣ್ಣುಗಳ ಜೊತೆ ಇಡುವ ನಮ್ಮ ಪ್ರಸಾದವೇ ಮಲಿದಾ. ಹರಕೆ ಫಲಿಸಲಿಲ್ಲ. ಅಂದಿನಿಂದ ಅಪ್ಪ ಪುಸ್ತಕ ತೆರೆಯಲಿಲ್ಲ. ನಮ್ಮ ವಿಶ್ರಾಂತಿಯ ದಿನ ಶುರುವಾಗುವ ಶುಕ್ರವಾರ ಸಂಜೆ, ಸೂರ್ಯ ಮುಳುಗುವ ಮೊದಲು, ಅಕ್ಕ ಒಬ್ಬಳೇ ಕೊಬ್ಬರಿ ಎಣ್ಣೆಯ ದೀಪ ಹಚ್ಚಿ ಶೆಮಾ ಹೇಳುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಅಪ್ಪ ಎದ್ದು ಜಗಲಿಗೆ ಹೋಗಿಬಿಡುತ್ತಿದ್ದರು.

ಅದನ್ನು ನೋಡಿ ನೋಡಿ ನನ್ನ ತಲೆಯಲ್ಲೂ ಒಂದು ಹುಳ ಹೊಕ್ಕಿತು. ದೇವರು ನಿಜಕ್ಕೂ ಇದ್ದಾನೆಯೇ? ಪರೀಕ್ಷೆ ಮಾಡಿಯೇ ಬಿಡೋಣ ಎಂದುಕೊಂಡೆ. ಹೊಳೆಯ ಮರಳಿನಲ್ಲಿ ಸಿಗುವ ಬಳಚು ಎಂಬ ಚಿಪ್ಪಿನ ಜೀವಿಯನ್ನು ನಮ್ಮ ಧರ್ಮದಲ್ಲಿ ತಿನ್ನುವಂತಿಲ್ಲ. ಒಂದು ಗುರುವಾರ ನೆರೆಮನೆಯ ಒಲೆಯ ಮುಂದೆ ಕುಳಿತು ಬಳಚಿನ ಸುಕ್ಕ ತಿಂದೆ. ಬಿಸಿಬಿಸಿ, ಖಾರ, ಬಹಳ ರುಚಿ. ಸಿಡಿಲು ಬೀಳಲಿಲ್ಲ. ಹೊಟ್ಟೆನೋವೂ ಬರಲಿಲ್ಲ. ಗೆದ್ದೆ ಅನಿಸಬೇಕಿತ್ತು, ಯಾಕೋ ಅಳು ಬಂತು.

ಮರುದಿನ ಶಾಲೆಗೆ ರಜೆ. ಮಧ್ಯಾಹ್ನ ನೀರು ಇಳಿದ ಹೊತ್ತಿಗೆ ಕೇರಿಯ ಹೆಂಗಸರು ಎರಡು ದೋಣಿಯಲ್ಲಿ ಹೊಳೆಯ ನಡುವಿನ ಮರಳದಿಬ್ಬಕ್ಕೆ ಬಳಚು ಆಯಲು ಹೊರಟರು. ಅಕ್ಕನಿಗೆ ಹೇಳದೆ ನಾನೂ ಹತ್ತಿದೆ. ದಿಬ್ಬದ ಆಚೆ ತುದಿಯಲ್ಲಿ ಏಡಿಯ ಬಿಲ ಅಗೆಯುತ್ತ ಕುಳಿತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ತಲೆ ಎತ್ತಿದಾಗ ದೋಣಿಗಳೆರಡೂ ದಡ ಮುಟ್ಟಿದ್ದವು. ನಾನು ಇನ್ನೊಂದು ದೋಣಿಯಲ್ಲಿದ್ದೇನೆ ಎಂದು ಎರಡೂ ದೋಣಿಯವರು ತಿಳಿದಿದ್ದರು.

ಕೂಗಿದೆ. ಸಮುದ್ರದ ಗಾಳಿ ನನ್ನ ಕೂಗನ್ನು ಎತ್ತಲೋ ಹೊತ್ತೊಯ್ಯಿತು. ಭರತದ ನೀರು ಸದ್ದಿಲ್ಲದೆ ಏರುತ್ತಿತ್ತು. ಅಂಗಳದಷ್ಟಿದ್ದ ಮರಳು ಚಾಪೆಯಷ್ಟಾಯಿತು; ಆಮೇಲೆ ಚಾಪೆಯಷ್ಟೂ ಉಳಿಯಲಿಲ್ಲ. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಹಿಮ್ಮಡಿಯ ಕೆಳಗಿನ ಮರಳನ್ನು ಸೆಳೆತ ಸರಸರನೆ ಕೀಳುತ್ತಿತ್ತು. ತೆರೆಯ ಹನಿ ಸಿಡಿದು ಬಾಯಿತುಂಬ ಉಪ್ಪು. ದೇವರು ಇದ್ದಾನೆ, ನನ್ನ ಮೇಲೆ ಸಿಟ್ಟಾಗಿದ್ದಾನೆ ಎಂದು ಖಚಿತವಾಯಿತು. ನಿನ್ನೆ ಅವನನ್ನು ಪರೀಕ್ಷಿಸಿದವಳು ಇವತ್ತು ಯಾವ ಮುಖದಿಂದ ಕರೆಯಲಿ? ಆದರೂ ಹೆದರಿದಾಗಲೆಲ್ಲ ಅಕ್ಕ ಹೇಳುತ್ತಿದ್ದದ್ದು ನೆನಪಾಗಿ ಬಲಗೈಯಿಂದ ಕಣ್ಣು ಮುಚ್ಚಿ ಶೆಮಾ ಹೇಳಿದೆ. ಮತ್ತೆ ಹೇಳಿದೆ. ಏನನ್ನೂ ಬೇಡಿಕೊಳ್ಳಲಿಲ್ಲ.

"ಕಣ್ಣು ಬಿಡು! ನನ್ನನ್ನೇ ನೋಡು!"

ಅಪ್ಪನ ದನಿ. ಸಣ್ಣ ದೋಣಿಯೊಂದರಲ್ಲಿ ಅಪ್ಪ ಮುಂದೆ ಬಾಗಿ ನಿಂತಿದ್ದರು, ಹಿಂದೆ ಮುದಿ ಅಂಬಿಗ ಹುಟ್ಟು ಹಾಕುತ್ತಿದ್ದ. "ಕಾಲು ಎತ್ತಬೇಡ ತಂಗೀ, ಅಲ್ಲೇ ಊರಿ ನಿಲ್ಲು," ಎಂದು ಅಂಬಿಗ ಕೂಗಿದ. ಅಪ್ಪ ಕೈ ಚಾಚಿದರು. ಬೆರಳಿಗೆ ಬೆರಳು ತಾಗಿತು, ಅಷ್ಟರಲ್ಲಿ ಸೆಳೆತ ದೋಣಿಯನ್ನು ಆಚೆ ಎಳೆಯಿತು. ಅವರು ತಿರುಗಿ ಬರುವಾಗ ನೀರು ನನ್ನ ಎದೆಗಿತ್ತು. ಈಜು ಬಾರದ ಅಪ್ಪ ಒಂದು ಕೈಯಲ್ಲಿ ದೋಣಿಯ ಅಂಚು ಹಿಡಿದು ನೀರಿಗೆ ಇಳಿದೇ ಬಿಟ್ಟರು. ಇನ್ನೊಂದು ಕೈಗೆ ನನ್ನ ಜಡೆ ಸಿಕ್ಕಿತು.

ದೋಣಿಯಲ್ಲಿ ಬಿದ್ದುಕೊಂಡು ನಡುಗುತ್ತಲೇ ಎಲ್ಲ ಒಪ್ಪಿಕೊಂಡೆ. "ನಾನು ಬಳಚು ತಿಂದೆ ಅಪ್ಪ. ಅದಕ್ಕೇ ದೇವರು ನೀರು ಏರಿಸಿದ."

"ಹುಚ್ಚು! ಭರತ ದಿನಾ ಎರಡು ಸಲ ಬರ್ತದೆ ಮಗಾ. ನೀ ಎಂತ ತಿಂದೆ ಅಂತ ಕೇಳ್ಕೊಂಡು ಬರೂದಲ್ಲ."

"ಹಾಗಾದ್ರೆ ದೇವರು ಇಲ್ವಾ?"

ಅಪ್ಪ ನನ್ನ ತಲೆ ಒರೆಸಿದರು. "ನಂಗೆ ಗೊತ್ತಿಲ್ಲ. ದಡದಲ್ಲಿ ಹೆಂಗಸರು ನಿನ್ನನ್ನು ಹುಡುಕೂದು ಕಂಡು ಅಕ್ಕ ಬರಿಗಾಲಲ್ಲಿ ಆಗರಕ್ಕೆ ಓಡಿ ಬಂದ್ಳು. ದೋಣಿ ಹತ್ತಿದ ಮೇಲೆ ನನ್ನ ಬಾಯಲ್ಲಿ ಶೆಮಾ ಒಂದೇ ಬಂತು. ಯಾರು ಕೇಳಿದ್ರೋ, ಇಲ್ಲವೋ. ಹೇಳದೆ ಇರೂಕೆ ಆಗ್ಲಿಲ್ಲ."

ದಡದಲ್ಲಿ ಅಕ್ಕ ಮೊದಲು ನನ್ನ ಬೆನ್ನಿಗೊಂದು ಗುದ್ದಿದಳು, ಆಮೇಲೆ ತಬ್ಬಿಕೊಂಡು ಅತ್ತಳು. ಮನೆ ಸೇರುವಾಗ ಸೂರ್ಯ ಮುಳುಗಲು ಸ್ವಲ್ಪವೇ ಬಾಕಿ. ದೀಪ ಹಚ್ಚಲು ಅಕ್ಕ ಗೀರಿದ ಮೂರು ಕಡ್ಡಿ ಆರಿಹೋದವು. ನಾಲ್ಕನೆಯದನ್ನು ಅಪ್ಪ ಗೀರಿ ಕೊಟ್ಟರು. ಅಂದು ಅವರು ಜಗಲಿಗೆ ಹೋಗಲಿಲ್ಲ. ಪುಸ್ತಕವನ್ನೂ ತೆರೆಯಲಿಲ್ಲ, ಅದಕ್ಕೆ ಇನ್ನೂ ಎಷ್ಟೋ ತಿಂಗಳು ಹಿಡಿಯಿತು. ನಮ್ಮ ಜೊತೆ ನಿಂತು, ಒದ್ದೆ ಅಂಗಿಯಲ್ಲೇ, ಆ ಒಂದು ಸಾಲನ್ನು ಅರ್ಧದವರೆಗೆ ಹೇಳಿದರು. ಉಳಿದದ್ದನ್ನು ಅಕ್ಕ ಹೇಳಿ ಮುಗಿಸಿದಳು.

ಈಗ, ಮೊಮ್ಮಕ್ಕಳೇ, ಭರತ ಎಷ್ಟು ಹೊತ್ತಿಗೆ ಅಂತ ನಿಮ್ಮ ಫೋನೇ ಹೇಳುತ್ತದೆ. ನೀವು ಎಲ್ಲಿ ಸುತ್ತುತ್ತಿದ್ದೀರಿ ಅಂತ ಕುಮಟೆಯಲ್ಲಿ ಕೂತ ನಿಮ್ಮ ಅಮ್ಮನಿಗೆ ಗೊತ್ತಾಗುತ್ತದೆ. ಓಂ ಬೀಚಿಗೆ ಹೋದರೆ ಇಸ್ರೇಲಿನಿಂದ ಬಂದವರ ಜೊತೆ ನಾಲ್ಕು ಮಾತು ಹೀಬ್ರೂ ಆಡಿ ಬರುತ್ತೀರಿ. ಅವರಲ್ಲೊಬ್ಬಳು ತನಗೆ ದೇವರಲ್ಲಿ ನಂಬಿಕೆಯಿಲ್ಲ ಎಂದಳಂತೆ. ಅಂದಿನಿಂದ ನನ್ನ ಹಿಂದೆ ಬಿದ್ದಿದ್ದೀರಿ, "ಅಜ್ಜಿ, ದೇವರು ಇದ್ದಾನೆ ಅಂತ ನಿಂಗೆ ಖಾತ್ರಿ ಇದ್ಯಾ?" ಎಂದು. ನಿಮ್ಮ ವಯಸ್ಸಿನಲ್ಲಿ ಹೀಗೆ ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ. ನೀವು ನೇರವಾಗಿ ಕೇಳಿದ್ದೀರಿ, ನೇರವಾಗಿಯೇ ಹೇಳುತ್ತೇನೆ. ಕೆಲವು ಶುಕ್ರವಾರ ಖಾತ್ರಿ ಇರುತ್ತದೆ, ಕೆಲವು ಶುಕ್ರವಾರ ಇರುವುದಿಲ್ಲ. ದೀಪ ಹಚ್ಚುವುದನ್ನು ಮಾತ್ರ ಒಂದು ಶುಕ್ರವಾರವೂ ಬಿಟ್ಟಿಲ್ಲ.